ಕೇಳಿ ನೋಡಿ: ಎಸ್ಪಿ ಸಾಹೇಬರು ಯಾವಾಗ ಸಿಗ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪೊಲೀಸರ ಬಗ್ಗೆ. ಅದರಲ್ಲೂ ದೊಡ್ಡ ಸಾಹೇಬರ, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಎಸ್ಪಿಯ ಬಗ್ಗೆ. ಎಷ್ಟು ಹೊತ್ತಿಗೆ ಏಳ್ತಾರೆ, ಯಾವಾಗ ಸಿಗ್ತಾರೆ, ಭಾನುವಾರ ರಜೆ ಉಂಟಾ ಅಂತ. ನಾನು ಪೊಲೀಸ್ ಅಲ್ಲ ಮಾರಾಯ್ರೆ. ಮಂಗಳೂರು, ಉಡುಪಿಯಲ್ಲಿ ಕ್ರೈಂ ವರದಿ ಮಾಡುತ್ತಾ ಅವರ ಕಚೇರಿಯ ಬೆಂಚಿನ ಮೇಲೆ ಕೂತು ಕಾದವನು. ಆ ಬೆಂಚಿನಿಂದ ಕಂಡದ್ದು, ಕೇಳಿ ತಿಳಿದದ್ದು ಇಲ್ಲಿದೆ.

ನನ್ನ ಮಗ ಐಪಿಎಸ್ ಆಗ್ತೇನೆ ಅಂತ ಹೊರಟಿದ್ದಾನೆ. ಏಳುವುದು ಮಾತ್ರ 8 ಗಂಟೆಗೆ. ಒಬ್ಬ ಎಸ್ಪಿಯ ದಿನ ಹೇಗಿರುತ್ತದೆ ಅಂತ ವಿವರವಾಗಿ ಬರೆಯಿರಿ, ಅವನಿಗೆ ಓದಿಸಬೇಕು.
— ಗೃಹಿಣಿ, ಕುಂಜಿಬೆಟ್ಟು

ಓದಿಸಿ ಅಕ್ಕ. ಆದರೆ ಗೋಡೆಗೆ ಅಂಟಿಸುವಂಥ ಟೈಮ್‌ಟೇಬಲ್ ಸಿಗುತ್ತದೆ ಅಂದುಕೊಳ್ಳಬೇಡಿ.

ಎಸ್ಪಿಯನ್ನು ಎಬ್ಬಿಸುವುದು ಅಲಾರಂ ಅಲ್ಲ, ಫೋನು. ರಾತ್ರಿ ಎಲ್ಲೆಲ್ಲಿ ಏನಾಯಿತು ಅಂತ ಪ್ರತಿ ಠಾಣೆಯಿಂದ ಕಂಟ್ರೋಲ್ ರೂಮಿಗೆ ವರದಿ ಬರುತ್ತದೆ. ಅಪಘಾತ, ಕಳವು, ನಾಪತ್ತೆ, ಅಸಹಜ ಸಾವು, ಹೊಡೆದಾಟ, ಎಲ್ಲವೂ ಅದರಲ್ಲಿ ಇರುತ್ತದೆ. ಇದರ ಜೊತೆಗೆ ಗುಪ್ತ ಮಾಹಿತಿ ಕಲೆಹಾಕುವ ಸ್ಪೆಷಲ್ ಬ್ರಾಂಚಿನವರ ಒಂದು ಟಿಪ್ಪಣಿ: ಇವತ್ತು ಯಾವ ಸಂಘಟನೆ ಎಲ್ಲಿ ಪ್ರತಿಭಟನೆ ಮಾಡುತ್ತದೆ, ಯಾವ ಮಂತ್ರಿ ಬರುತ್ತಾರೆ, ಎಲ್ಲಿ ಎರಡು ಗುಂಪುಗಳ ನಡುವೆ ಮುಖ ಕೆಟ್ಟಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಇದನ್ನೆಲ್ಲ ಓದಿ ಆಗಿರಬೇಕು. ಯಾಕೆಂದರೆ ಮೇಲಿನಿಂದ ಫೋನ್ ಬರುತ್ತದೆ. ಎಸ್ಪಿಗಳ ಮೇಲಿನ ಅಧಿಕಾರಿ, ನಮ್ಮ ಪಶ್ಚಿಮ ವಲಯದ ಐಜಿಪಿಯ ಕಚೇರಿ ಮಂಗಳೂರಿನಲ್ಲಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಚಿಕ್ಕಮಗಳೂರು ನಾಲ್ಕೂ ಆ ವಲಯಕ್ಕೆ ಸೇರಿದ್ದು. ‘ಕುಂದಾಪುರದ್ದು ಏನಾಯ್ತು?’ ಅಂತ ಅಲ್ಲಿಂದ ಕೇಳಿದಾಗ ‘ನೋಡಿ ಹೇಳ್ತೇನೆ ಸಾರ್’ ಅಂದರೆ ಚೆನ್ನಾಗಿರುವುದಿಲ್ಲ ಅಲ್ವಾ?

ವಾರಕ್ಕೊಮ್ಮೆ ಬೆಳಿಗ್ಗೆಯೇ ಪರೇಡ್. ಡಿಎಆರ್ ಮೈದಾನದಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಪಡೆಯ ಮೈದಾನದಲ್ಲಿ, ಎಸ್ಪಿ ಗೌರವ ವಂದನೆ ಸ್ವೀಕರಿಸಿ ಸಾಲಿನ ನಡುವೆ ನಡೆದು ಒಬ್ಬೊಬ್ಬರ ಬೂಟು, ಬೆಲ್ಟು, ಹೊಟ್ಟೆ ಎಲ್ಲ ನೋಡುತ್ತಾರೆ. ಹೊಟ್ಟೆ ಅಂದದ್ದು ತಮಾಷೆಗಲ್ಲ, ನಿಜವಾಗಿಯೂ ನೋಡುತ್ತಾರೆ.

10 ಗಂಟೆಗೆ ಕಚೇರಿ. ಸಿನಿಮಾದಲ್ಲಿ ತೋರಿಸದ ಕೆಲಸ ಶುರುವಾಗುವುದು ಇಲ್ಲಿ. ಮೇಜಿನ ಮೇಲೆ ಟಪಾಲಿನ ರಾಶಿ ಬಿದ್ದಿರುತ್ತದೆ. ಜನರ ದೂರು, ನ್ಯಾಯಾಲಯದ ಪತ್ರ, ಮಾನವ ಹಕ್ಕು ಆಯೋಗ ಕೇಳಿದ ವಿವರಣೆ, ಸಿಬ್ಬಂದಿಯ ರಜೆ, ವರ್ಗಾವಣೆ, ಇಲಾಖಾ ವಿಚಾರಣೆ, ಜೀಪಿನ ಡೀಸೆಲ್ ಬಿಲ್ಲು. ಕೋವಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಆದರೆ ಪೊಲೀಸ್ ವರದಿ ಹೋಗಬೇಕು. ಪಾಸ್‌ಪೋರ್ಟ್ ಪರಿಶೀಲನೆ ಕೂಡ ಇಲ್ಲಿಂದಲೇ ಹೋಗಬೇಕು, ಗಲ್ಫಿಗೆ ಹೋಗುವವರು ಇಷ್ಟು ಮಂದಿ ಇರುವ ನಮ್ಮ ಊರಲ್ಲಿ ಅದೇ ಒಂದು ದೊಡ್ಡ ಕೆಲಸ. ಒಂದೊಂದು ಕಾಗದದ ಮೇಲೂ ಏನಾದರೂ ಬರೆದು ಸಹಿ ಹಾಕಿ ಕೆಳಗೆ ಕಳಿಸಬೇಕು. ಮಧ್ಯೆ ಮಧ್ಯೆ ಚೀಟಿ ಒಳಗೆ ಬರುತ್ತದೆ, ಹೊರಗೆ ಜನ ಕಾಯುತ್ತಿದ್ದಾರೆ ಅಂತ.

ಇನ್ನು ಕೇಸುಗಳು. ಕೊಲೆ, ದರೋಡೆಯಂಥ ಗಂಭೀರ ಪ್ರಕರಣ ಆದರೆ ಎಸ್ಪಿ ಸ್ಥಳಕ್ಕೆ ಹೋಗಲೇಬೇಕು. ಬೈಂದೂರಲ್ಲಿ ಆದರೆ ಅಲ್ಲಿಗೆ, ಹೆಬ್ರಿಯಲ್ಲಿ ಆದರೆ ಅಲ್ಲಿಗೆ. ತನಿಖೆ ಮಾಡುವವರು ಇನ್ಸ್‌ಪೆಕ್ಟರ್ ಅಥವಾ ಡಿವೈಎಸ್ಪಿ. ಆದರೆ ಸಾಕ್ಷಿ ಬಿಟ್ಟುಹೋಯಿತಾ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂತಾ, ಚಾರ್ಜ್‌ಶೀಟ್ ಯಾವಾಗ ಅಂತ ಬೆನ್ನು ಹತ್ತುವವರು ಮೇಲಿನವರೇ. ಆರೋಪಿ ಬಂಧನದಲ್ಲಿದ್ದರೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹೋಗಬೇಕು, ಹೋಗದಿದ್ದರೆ ಅವನು ಜಾಮೀನನ್ನು ಹಕ್ಕಾಗಿಯೇ ಕೇಳಬಹುದು. ಒಂದು ಕಾಗದ ತಡವಾದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ನೀರುಪಾಲು. ಅದಕ್ಕೇ ತಿಂಗಳಿಗೊಮ್ಮೆ ಕ್ರೈಂ ಮೀಟಿಂಗ್ ಇರುತ್ತದೆ. ಜಿಲ್ಲೆಯ ಎಲ್ಲ ಇನ್ಸ್‌ಪೆಕ್ಟರುಗಳು ಫೈಲು ಹಿಡಿದು ಬರುತ್ತಾರೆ, ಕಚೇರಿ ಹೊರಗೆ ಜೀಪುಗಳ ಸಾಲು, ಒಳಗೆ ಒಬ್ಬೊಬ್ಬರಿಗೆ ಪರೀಕ್ಷೆ. ಹೊರಗೆ ಬಂದವರ ಮುಖ ನೋಡಿದರೆ ಸಾಕು, ಯಾರ ಠಾಣೆಯಲ್ಲಿ ಎಷ್ಟು ಬಾಕಿ ಅಂತ ನಮಗೆ ಗೊತ್ತಾಗುತ್ತಿತ್ತು.

ಮಧ್ಯಾಹ್ನದ ಮೇಲೆ ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಸಭೆ ಇರಬಹುದು, ರಸ್ತೆ ಸುರಕ್ಷತೆಯದ್ದೋ ಮಳೆಗಾಲದ ತಯಾರಿಯದ್ದೋ. ಸಂಜೆ ಯಾವುದಾದರೂ ಠಾಣೆಗೆ ದಿಢೀರ್ ಭೇಟಿ. ರಾತ್ರಿ ಗಸ್ತಿಗೆ ಅಧಿಕಾರಿಗಳು ಸರದಿಯ ಮೇಲೆ ಇರುತ್ತಾರೆ, ಆದರೆ ದೊಡ್ಡದೇನಾದರೂ ಆದರೆ ಮಲಗಿದ ಸಾಹೇಬರನ್ನು ಎಬ್ಬಿಸಲೇಬೇಕು.

ಇಷ್ಟು ಹೇಳಿದೆನಲ್ಲ, ಇದೆಲ್ಲ ಏನೂ ಆಗದ ದಿನದ ಕಥೆ. ನಮ್ಮ ಕರಾವಳಿಯಲ್ಲಿ ಏನೂ ಆಗದ ದಿನಗಳು ಕಡಿಮೆ. 2025ರ ಜನವರಿ 17 ನೆನಪಿದೆಯಾ? ಮುಖ್ಯಮಂತ್ರಿ ಮಂಗಳೂರಿನಲ್ಲಿದ್ದ ದಿನ, ಪೊಲೀಸರೆಲ್ಲ ಅದರ ಬಂದೋಬಸ್ತಿನಲ್ಲಿ. ಅದೇ ದಿನ ಹಾಡಹಗಲೇ ಕೆ.ಸಿ. ರೋಡಿನ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ನುಗ್ಗಿ ದರೋಡೆ ಮಾಡಿದರು. ಆ ಜಾಗ ಎಸ್ಪಿಯದ್ದಲ್ಲ, ಮಂಗಳೂರು ಕಮಿಷನರ್ ವ್ಯಾಪ್ತಿ. ಆದರೂ ಅಂಥ ದಿನ ಬೆಳಿಗ್ಗೆ ಹಾಕಿಕೊಂಡ ಕಾರ್ಯಕ್ರಮದಲ್ಲಿ ಯಾವುದು ಉಳಿದಿರಬಹುದು ಹೇಳಿ.

ಹೀಗೆ ದಿನ ತಲೆಕೆಳಗಾದಾಗಲೆಲ್ಲ ಮೊದಲು ಬಲಿಯಾಗುವುದು ಠಾಣೆಯ ತಪಾಸಣೆ. ನನ್ನನ್ನು ಕೇಳಿದರೆ ಎಸ್ಪಿಯ ಅಸಲಿ ಕೆಲಸವೇ ಅದು. ಒಂದು ಠಾಣೆಯಲ್ಲಿ ದಿನಪೂರ್ತಿ ಕೂತು ಠಾಣಾ ದಿನಚರಿ ತೆಗೆಸಿ, ಮುದ್ದೆಮಾಲಿನ, ಅಂದರೆ ಕೇಸುಗಳಲ್ಲಿ ವಶಪಡಿಸಿಕೊಂಡ ವಸ್ತುಗಳ, ಕೋಣೆ ತೆರೆಸಿ, ಲಾಕಪ್ ನೋಡಿ, ಸಣ್ಣ ಸಣ್ಣ ದೂರುಗಳು ಎಲ್ಲಿ ಸತ್ತುಹೋದವು ಅಂತ ಹುಡುಕುವುದು. ಇದರಲ್ಲಿ ಫೋಟೊ ಬರುವುದಿಲ್ಲ, ರೀಲ್ಸ್ ಆಗುವುದಿಲ್ಲ, ಹಾಗಾಗಿ ಯಾರೂ ಹೊಗಳುವುದೂ ಇಲ್ಲ. ರಾತ್ರಿ ರಸ್ತೆಗಿಳಿದು ನಾಲ್ಕು ಬೈಕ್ ಹಿಡಿದರೆ ನಾವು ಪತ್ರಿಕೆಯವರೂ ‘ಸಿಂಗಂ’ ಅಂತ ಬರೆದುಬಿಡುತ್ತೇವೆ.

ಮಗನಿಗೆ ಹೇಳಿ, ಏಳುವುದು 8ಕ್ಕಾದರೂ ಚಿಂತೆ ಇಲ್ಲ, ಫೈಲು ಓದಿದರೆ ನಿದ್ದೆ ಬರುತ್ತದಾ ಅಂತ ಮೊದಲು ನೋಡಿಕೊಳ್ಳಲಿ.

ನನ್ನ ಮನೆ ಫರಂಗಿಪೇಟೆ, ಅಂಗಡಿ ಪಡೀಲಿನಲ್ಲಿ. ಕಮಿಷನರ್ ಬೇರೆ, ಎಸ್ಪಿ ಬೇರೆಯಾ? ಇಬ್ಬರಲ್ಲಿ ಯಾರು ದೊಡ್ಡವರು, ನಾನು ಯಾರ ಹತ್ತಿರ ಹೋಗಬೇಕು?
— ವ್ಯಾಪಾರಿ, ಫರಂಗಿಪೇಟೆ

ಬೇರೆ ಬೇರೆ. ಮಂಗಳೂರು ನಗರಕ್ಕೆ ಕಮಿಷನರೇಟ್ ಬಂದದ್ದು 2010ರಲ್ಲಿ. ಅಲ್ಲಿಯವರೆಗೆ ಇಡೀ ಜಿಲ್ಲೆ ಎಸ್ಪಿ ಕೈಯಲ್ಲೇ ಇತ್ತು. ಈಗ ನಗರದ ಜೊತೆ ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಬಜ್ಪೆ, ಉಳ್ಳಾಲ, ಕೊಣಾಜೆ ಠಾಣೆಗಳೆಲ್ಲ ಕಮಿಷನರ್ ಕೆಳಗೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಕಡೆ ಎಸ್ಪಿಗೆ. ಅಂದರೆ ನಿಮ್ಮ ಅಂಗಡಿಯಲ್ಲಿ ಕಳವಾದರೆ ಕಮಿಷನರ್ ವ್ಯಾಪ್ತಿ, ಮನೆಯಲ್ಲಿ ಆದರೆ ಬಂಟ್ವಾಳ ಗ್ರಾಮಾಂತರ ಠಾಣೆ, ಎಸ್ಪಿ ವ್ಯಾಪ್ತಿ. ಕಳ್ಳನಿಗೆ ಈ ಗಡಿ ಗೊತ್ತಿರುವುದಿಲ್ಲ ಬಿಡಿ. ನಿಮಗೂ ತಲೆಬಿಸಿ ಬೇಡ, ಗೊತ್ತಾಗದಿದ್ದರೆ ಹತ್ತಿರದ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಘಟನೆ ಯಾವ ವ್ಯಾಪ್ತಿಯಲ್ಲೇ ನಡೆದಿರಲಿ ಠಾಣೆಯವರು ಮಾಹಿತಿ ಬರೆದುಕೊಳ್ಳಬೇಕು ಅಂತ ಸ್ಪಷ್ಟವಾಗಿ ಇದೆ. ಝೀರೊ ಎಫ್‌ಐಆರ್ ಅನ್ನುವುದು ಅದಕ್ಕೇ. ಆಮೇಲೆ ಸರಿಯಾದ ಠಾಣೆಗೆ ಕಳಿಸುವುದು ಅವರ ಕೆಲಸ.

ಯಾರು ದೊಡ್ಡವರು ಅಂದರೆ, ಹುದ್ದೆಯಲ್ಲಿ ಕಮಿಷನರ್ ಸಾಮಾನ್ಯವಾಗಿ ಡಿಐಜಿ ಅಥವಾ ಐಜಿಪಿ ದರ್ಜೆಯವರು, ಎಸ್ಪಿಗಿಂತ ಮೇಲೆ. ಅದಕ್ಕಿಂತ ಮುಖ್ಯ ವ್ಯತ್ಯಾಸ ಇನ್ನೊಂದಿದೆ. ಗಲಾಟೆಯಾಗುವ ಹಾಗಿದ್ದರೆ ಐದು ಜನ ಸೇರಬಾರದು ಅಂತ ನಿಷೇಧಾಜ್ಞೆ ಹಾಕುತ್ತಾರಲ್ಲ, ಜನ ಈಗಲೂ 144 ಅನ್ನುತ್ತಾರೆ, ಹೊಸ ಕಾನೂನಿನಲ್ಲಿ ಅದು 163. ಉಡುಪಿಯಲ್ಲಿ ಎಸ್ಪಿ ಅದಕ್ಕೆ ಜಿಲ್ಲಾಧಿಕಾರಿಯನ್ನು ಕೇಳಬೇಕು. ಮಂಗಳೂರಿನಲ್ಲಿ ಕಮಿಷನರ್‌ಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇರುವುದರಿಂದ ತಾವೇ ಸಹಿ ಹಾಕುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ಬೇಡಿಕೆ ಇಡುವವರೂ ಆದೇಶ ಕೊಡುವವರೂ ಒಬ್ಬರೇ ಆಗಬೇಕಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ನನಗೇನೋ ಎರಡು ಕಣ್ಣು ನೋಡುವುದಕ್ಕಿಂತ ನಾಲ್ಕು ಕಣ್ಣು ನೋಡಿದರೆ ವಾಸಿ ಅನ್ನಿಸುತ್ತದೆ.

ಕಮಿಷನರೇಟ್ ಶುರುವಾದ ವರ್ಷವೇ ಮೇ 22ರಂದು ಬಜ್ಪೆಯಲ್ಲಿ ವಿಮಾನ ದುರಂತ ಆಯಿತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್, 158 ಮಂದಿ ಹೋದರು, ಬದುಕಿದ್ದು 8 ಮಂದಿ. ಆಗಿನ್ನೂ ಬೆಳಿಗ್ಗೆ 6 ದಾಟಿತ್ತಷ್ಟೆ. ವಿಮಾನ ನಿಲ್ದಾಣದ ಒಳಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಇರಬಹುದು, ಆದರೆ ರಸ್ತೆ ಬಿಡಿಸುವುದು, ಶವಗಳ ಗುರುತು, ಆಸ್ಪತ್ರೆ ಮುಂದೆ ಸೇರಿದ ಮನೆಯವರು, ಇದೆಲ್ಲ ನಗರ ಪೊಲೀಸರ ತಲೆಗೇ ಬಂತು.

ಒಂದು ದೂರಿನ ವಿಷಯಕ್ಕೆ ಎಸ್ಪಿಯವರನ್ನು ನೋಡಲು ಹೋಗಿದ್ದೆ. 11ಕ್ಕೆ ಕೂತವಳು, 2 ಗಂಟೆಗೆ ‘ಸಾಹೇಬರು ಬಂದೋಬಸ್ತಿಗೆ ಹೋದರು, ನಾಳೆ ಬನ್ನಿ’ ಅಂದರು. ಬಸ್ಸಿಗೆ ಖರ್ಚು ಮಾಡಿ ಮತ್ತೆ ಬರಬೇಕಾ? ಸಾರ್ವಜನಿಕರಿಗೆ ಅಂತ ಒಂದು ಹೊತ್ತು ಇಲ್ವಾ?
— ಅಂಗನವಾಡಿ ಕಾರ್ಯಕರ್ತೆ, ಕುಂದಾಪುರ ತಾಲೂಕು

ಹೊತ್ತು ಇಟ್ಟಿರುತ್ತಾರೆ, ಒಬ್ಬೊಬ್ಬ ಅಧಿಕಾರಿಯದ್ದು ಒಂದೊಂದು. ಹೊರಡುವ ಮೊದಲು ಕಚೇರಿಗೆ ಫೋನ್ ಮಾಡಿ ‘ಇವತ್ತು ಸಾಹೇಬರು ಇದ್ದಾರಾ, ಮೀಟಿಂಗ್ ಉಂಟಾ’ ಅಂತ ಕೇಳಿ. ಹಬ್ಬ, ಮಂತ್ರಿಗಳ ಭೇಟಿ, ಕ್ರೈಂ ಮೀಟಿಂಗ್ ಇರುವ ದಿನ ಹೋಗಲೇಬೇಡಿ. ಮಂಗಳೂರಲ್ಲೂ ಉಡುಪಿಯಲ್ಲೂ ಕೆಲವು ಅಧಿಕಾರಿಗಳು ಹಿಂದೆ ವಾರಕ್ಕೊಮ್ಮೆ ಫೋನ್-ಇನ್ ನಡೆಸುತ್ತಿದ್ದರು. ಬಸ್ಸಿನ ಕರ್ಕಶ ಹಾರ್ನಿನಿಂದ ಹಿಡಿದು ಮಟ್ಕಾವರೆಗೆ ಜನ ನೇರ ಹೇಳುತ್ತಿದ್ದರು. ಒಳ್ಳೆಯ ಪದ್ಧತಿ. ಆದರೆ ಸಾಹೇಬರು ಬದಲಾದಂತೆ ನಿಂತೂ ಹೋಗುತ್ತದೆ.

ಇನ್ನು ನಿಮಗೆ ಬೇಕಾದ ಮಾತು. ಎಸ್ಪಿಗೆ ದೂರು ಕೊಡಲು ಎಸ್ಪಿ ಮುಖ ನೋಡಲೇಬೇಕು ಅಂತಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದು. ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನ 4ನೇ ಉಪವಿಧಿ ಹೇಳುವುದು ಇದನ್ನೇ. ಅಪರಾಧ ನಡೆದಿದೆ ಅಂತ ಕಂಡರೆ ಎಸ್ಪಿ ತಾವೇ ತನಿಖೆ ಮಾಡಬೇಕು ಅಥವಾ ಮಾಡಿಸಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ದಾರಿ ತೆರೆದೇ ಇದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ, ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಇಲ್ಲದಿದ್ದರೆ ನೀವು ಹೋಗಿದ್ದಕ್ಕೇ ಸಾಕ್ಷಿ ಇಲ್ಲ.

ಪತ್ರ ಒಂದೇ ಪುಟ ಇರಲಿ. ಯಾವ ಠಾಣೆ, ಯಾವ ದಿನ ಹೋದಿರಿ, ಯಾರು ಏನು ಹೇಳಿದರು, ಎಫ್‌ಐಆರ್ ಆಗಿದ್ದರೆ ಕ್ರೈಂ ನಂಬರ್ ಎಷ್ಟು. ಅಜ್ಜನ ಕಾಲದ ಜಾಗದ ತಕರಾರಿನಿಂದ ಶುರು ಮಾಡಿ ಆರನೇ ಪುಟಕ್ಕೆ ವಿಷಯಕ್ಕೆ ಬರುವ ದೂರುಗಳನ್ನು ನಾನು ಕಂಡಿದ್ದೇನೆ. ಅಂಥದ್ದನ್ನು ಯಾರೂ ಓದುವುದಿಲ್ಲ, ನೇರ ಠಾಣೆಗೇ ವಾಪಸ್ ಹೋಗುತ್ತದೆ.

ಎಫ್‌ಐಆರ್ ಪ್ರತಿ ನಿಮಗೆ ಉಚಿತ, ಕೇಳಿ ತೆಗೆದುಕೊಳ್ಳಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅನ್ನುವುದೂ ಈಗ ಕಾನೂನಿನಲ್ಲಿದೆ. ಮತ್ತೆ, ಬ್ಯಾಂಕ್ ಖಾತೆಯಿಂದ ದುಡ್ಡು ಹೋದ ವಿಷಯವಾದರೆ ಯಾರ ಬಾಗಿಲೂ ಕಾಯಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ನಿಮಿಷಗಳ ಲೆಕ್ಕ. ಹೊಡೆದಾಟ, ಅಪಘಾತ ಆದರೆ 112.

ನಮ್ಮೂರಲ್ಲಿ ಯಕ್ಷಗಾನದ ಹರಕೆ ಬಯಲಾಟ ಬೆಳಗಿನವರೆಗೆ ಆಗಬೇಕು. ಎಸ್ಪಿ ಮನಸ್ಸು ಮಾಡಿದರೆ ಮೈಕಿಗೆ ಒಂದು ರಾತ್ರಿಯ ಅನುಮತಿ ಕೊಡಬಹುದಲ್ಲ?
— ಬಯಲಾಟ ಸಮಿತಿಯವರು, ಬ್ರಹ್ಮಾವರ

ಅವರ ಮನಸ್ಸಿನ ಪ್ರಶ್ನೆ ಅಲ್ಲ ಇದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ರಾತ್ರಿ 12ರವರೆಗೆ ಸಡಿಲ ಮಾಡಬಹುದು. ಚೆಂಡೆ ಮದ್ದಳೆ ಸುಪ್ರಭಾತದವರೆಗೆ ಕೇಳಿ ಬೆಳೆದ ನಮಗೆ ಇದು ಕಷ್ಟವೇ, ನನಗೂ ಕಷ್ಟವೇ. ಆದರೆ ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡಿದರೆ ಬೀಟ್ ಪೊಲೀಸ್ ಬರಲೇಬೇಕು, ಬಂದ ಮೇಲೆ ಭಾಗವತರ ಎದುರು ನಿಂತು ಮೈಕ್ ಬಂದ್ ಮಾಡಿಸುವ ಪಾಡು ಆ ಹುಡುಗನದ್ದು. ಅರ್ಜಿ ಮೊದಲೇ ಕೊಡಿ. ಹಿಂದಿನ ದಿನ ಶಾಸಕರಿಂದ ಫೋನ್ ಮಾಡಿಸಬೇಡಿ.

ಬೋಟ್ ಕಾಣೆಯಾದರೆ ನಾವು ಯಾರಿಗೆ ಹೇಳಬೇಕು? ಎಸ್ಪಿಗಾ, ಕರಾವಳಿ ಪೊಲೀಸರಿಗಾ, ಕೋಸ್ಟ್ ಗಾರ್ಡಿಗಾ?
— ಮೀನುಗಾರರು, ಮಲ್ಪೆ

ನಿಮ್ಮ ಊರಲ್ಲೇ ಉತ್ತರ ಉಂಟು. ರಾಜ್ಯದ ಕರಾವಳಿ ಕಾವಲು ಪೊಲೀಸರ ಮುಖ್ಯ ಕಚೇರಿ ಇರುವುದು ಮಲ್ಪೆಯಲ್ಲೇ. ಅದಕ್ಕೆ ಬೇರೆಯೇ ಒಬ್ಬ ಎಸ್ಪಿ, ಮಂಗಳೂರಿನಿಂದ ಕಾರವಾರದವರೆಗೆ 9 ಠಾಣೆ. 12 ನಾಟಿಕಲ್ ಮೈಲಿವರೆಗೆ ಅವರದ್ದು, ಆಚೆಗೆ ಕೋಸ್ಟ್ ಗಾರ್ಡ್. ಕೂಡಲೇ ಕರಾವಳಿ ಕಾವಲು ಠಾಣೆಗೆ ಹೇಳಿ, ಕೋಸ್ಟ್ ಗಾರ್ಡಿನ 1554ಕ್ಕೂ ಫೋನ್ ಮಾಡಿ.

ನೀವು ಯಾಕೆ ಕೇಳಿದಿರಿ ಅಂತ ಗೊತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ, ಅದರಲ್ಲಿದ್ದ 7 ಮಂದಿ. ಸಂಪರ್ಕ ಕಡಿದುಹೋದ ಮೇಲೆ ಉಡುಪಿ ಪೊಲೀಸರು ಗೋವಾ, ಮಹಾರಾಷ್ಟ್ರದವರೆಗೆ ಹೋಗಿ ಹುಡುಕಿದರು. ಕೊನೆಗೆ ಮುಂದಿನ ವರ್ಷ ಮೇ ತಿಂಗಳ ಹೊತ್ತಿಗೆ ಮಾಲ್ವಣದ ಹತ್ತಿರ ಸಮುದ್ರದ ತಳದಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿತು. ಆ ತಿಂಗಳುಗಳಲ್ಲಿ ಎಸ್ಪಿ ಕಚೇರಿಯಲ್ಲಿ ಪ್ರತಿ ದಿನದ ಮೊದಲ ಪ್ರಶ್ನೆ ಅದೇ ಆಗಿತ್ತು. ನಾವೂ ಅದನ್ನೇ ಕೇಳುತ್ತಿದ್ದೆವು, ಅವರ ಹತ್ತಿರ ಹೊಸ ಉತ್ತರ ಇರಲಿಲ್ಲ.

ಭಾನುವಾರ ರಜೆ ಉಂಟಾ ಅವರಿಗೆ?
— ಓದುಗರು, ಕಟಪಾಡಿ

ಕಾಗದದಲ್ಲಿ ಉಂಟು. ಆದರೆ 1861ರ ಪೊಲೀಸ್ ಕಾಯ್ದೆಯಿಂದಲೂ ಇರುವ ಮಾತು ಏನೆಂದರೆ ಪೊಲೀಸ್ ಅಧಿಕಾರಿ ಯಾವಾಗಲೂ ಕರ್ತವ್ಯದಲ್ಲಿದ್ದ ಹಾಗೆಯೇ ಲೆಕ್ಕ. ಮಂಗಳೂರಿನಲ್ಲಿ ದಲಿತರ ಅಹವಾಲು ಸಭೆ ಹೆಚ್ಚಾಗಿ ನಡೆಯುವುದೇ ಭಾನುವಾರ. ಊರು ಬಿಟ್ಟು ಹೋಗಲು ಮೇಲಿನವರ ಅನುಮತಿ ಬೇಕು.

ಸಾಹೇಬರ ದಿನಚರಿ ಕೇಳುವವರು ಎಷ್ಟೋ ಮಂದಿ. ನನ್ನ ಗಂಡ ಕಾನ್‌ಸ್ಟೇಬಲ್. ಅವರ ದಿನಚರಿ ಯಾರು ಬರೆಯುತ್ತಾರೆ?
— ಹೆಸರು ಬೇಡ, ಉಡುಪಿ

ನಿಮ್ಮ ಸಿಟ್ಟು ಸರಿ. ಸಾಹೇಬರ ದಿನ ಉದ್ದವಾದಷ್ಟೂ ಹಿಂದೆ ನಿಂತವರ ದಿನ ಇನ್ನೂ ಉದ್ದ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಕೃಷ್ಣಮಠದ ಪರ್ಯಾಯ ಉತ್ಸವ ನೋಡಿ. ನಡುರಾತ್ರಿ ದಾಟಿದ ಮೇಲೆ ಜೋಡುಕಟ್ಟೆಯಿಂದ ರಥಬೀದಿವರೆಗೆ ಮೆರವಣಿಗೆ, ಲಕ್ಷಗಟ್ಟಲೆ ಜನ. ಅಧಿಕಾರಿ ವಾಹನದಲ್ಲಿ ಬಂದು ನೋಡಿ ಹೋಗುತ್ತಾರೆ, ಬ್ಯಾರಿಕೇಡಿನ ಹತ್ತಿರ ಮುಂಜಾನೆವರೆಗೆ ನಿಲ್ಲುವವರು ನಿಮ್ಮವರು. ಊಟ ಎಷ್ಟು ಹೊತ್ತಿಗೆ, ಶೌಚಾಲಯ ಎಲ್ಲಿ ಅಂತ ಬಂದೋಬಸ್ತಿನ ಯೋಜನೆಯಲ್ಲಿ ಬರೆದಿರುವ ಅಧಿಕಾರಿ ಸಿಕ್ಕರೆ ಪುಣ್ಯ. ಮಹಿಳಾ ಸಿಬ್ಬಂದಿಗಂತೂ ಇದು ಇನ್ನೂ ದೊಡ್ಡ ವಿಷಯ. ವಾರದ ರಜೆ ಇದೆ, ಆದರೆ ಮೊದಲು ರದ್ದಾಗುವುದು ಅದೇ.

ಒಂದು ದಾರಿ ಇದೆ. ಪರೇಡಿನ ದಿನ ಸಾಮಾನ್ಯವಾಗಿ ಆರ್ಡರ್ಲಿ ರೂಮ್ ಅಂತ ಇರುತ್ತದೆ, ಸಿಬ್ಬಂದಿ ನೇರವಾಗಿ ಎಸ್ಪಿ ಎದುರು ನಿಂತು ತಮ್ಮ ಕಷ್ಟ ಹೇಳಬಹುದು. ರಜೆ, ವರ್ಗಾವಣೆ, ಮನೆ ಕೊಡದ ವಿಷಯ, ಯಾವುದಾದರೂ. ಜಾಸ್ತಿ ಜನ ಹೆದರಿ ಹೋಗುವುದಿಲ್ಲ. ಇನ್ಸ್‌ಪೆಕ್ಟರಿಗೆ ಕೋಪ ಬರುತ್ತದೆ ಅಂತ. ಹೋದವರಲ್ಲಿ ಕೆಲವರ ಕೆಲಸ ಅಲ್ಲೇ ಆದದ್ದೂ ಉಂಟು, ನಿಮ್ಮವರಿಗೆ ಹೇಳಿ ನೋಡಿ.

ನಾನು ಎಸ್ಸೆಸ್ಸೆಲ್ಸಿ. ಎಸ್ಪಿ ಆಗಲು ಸೈನ್ಸ್ ತೆಗೆದುಕೊಳ್ಳಬೇಕಾ?
— ವಿದ್ಯಾರ್ಥಿನಿ, ಕಾಪು

ಬೇಡ ಮಗಾ. ಯಾವ ಪದವಿಯಾದರೂ ಆಗುತ್ತದೆ. ಎರಡು ದಾರಿ. ಯುಪಿಎಸ್‌ಸಿ ಬರೆದು ಐಪಿಎಸ್ ಸಿಕ್ಕಿದರೆ ಹೈದರಾಬಾದಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ, ಆಮೇಲೆ ಎಎಸ್ಪಿ, ಅಂದರೆ ಸಹಾಯಕ ಎಸ್ಪಿ. ಪುತ್ತೂರು, ಕಾರ್ಕಳ, ಕುಂದಾಪುರದಲ್ಲೆಲ್ಲ ಹಾಗೆ ಬಂದವರು ಕೆಲಸ ಮಾಡಿದ್ದಾರೆ. ಇನ್ನೊಂದು ಕೆಪಿಎಸ್‌ಸಿ ಬರೆದು ಡಿವೈಎಸ್ಪಿ ಆಗಿ, ಬಡ್ತಿಯಲ್ಲಿ ಮೇಲೆ ಬರುವುದು. ಐಪಿಎಸ್‌ಗೆ 21 ವರ್ಷ ಆಗಿರಬೇಕು, ಹುಡುಗಿಯರಿಗೆ ಎತ್ತರ ಸಾಮಾನ್ಯವಾಗಿ 150 ಸೆಂಟಿಮೀಟರ್ ಬೇಕು. ನಿನಗೆ ಇನ್ನೂ ಬೇಕಾದಷ್ಟು ಸಮಯ ಉಂಟು. ಈಗ ಆರ್ಟ್ಸಾ ಕಾಮರ್ಸಾ ಅಂತ ಮನೆಯಲ್ಲಿ ಜಗಳ ಆದರೆ ಈ ಪುಟ ತೋರಿಸು.